ಪಕ್ಕೆಲುಬಿನ ಮೇಲೆ ಜಾರಿದ ಸಸಿ

ಸೋಮವಾರ ಬೆಳಿಗ್ಗೆ ನಮ್ಮ ವಿಭಾಗದ ಮುಖ್ಯಸ್ಥರಾದ ಕುರೊಇವಾ ಸಾನ್ ನನ್ನ ಮೇಜಿನ ಮೇಲೆ ಒಂದು ಫೋಟೋ ಇಟ್ಟು, ತಗ್ಗಿದ ದನಿಯಲ್ಲಿ ಕೇಳಿದರು: "ಹಂಸಾ ಸಾನ್, ಇವು ಯಾರ ಪಕ್ಕೆಲುಬುಗಳು?"

ಫೋಟೋದಲ್ಲಿದ್ದದ್ದು ನಮ್ಮ ಕಂಪನಿಯ ಭತ್ತ ನಾಟಿ ಯಂತ್ರ. ಸಸಿ ಇಡುವ ಇಳಿಜಾರಿನ ತಟ್ಟೆಗೆ ಯಾರದೋ ಎದೆಯ ಎಕ್ಸ್‌ರೇ ಹಾಳೆ ಅಂಟಿಸಿದ್ದರು. ಪಕ್ಕೆಲುಬುಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಎಲ್ಲರ ಹೆಸರಿಗೂ ಮರ್ಯಾದೆಗೆ 'ಸಾನ್' ಸೇರಿಸುವ ಜಪಾನಿನ ಯೋಕೋಹಾಮಾದ ಈ ಕಚೇರಿಯಲ್ಲಿ ಆರು ವರ್ಷದಿಂದ ಕೂತಿರುವ ಮೈಸೂರಿನ ಇಂಜಿನಿಯರ್ ನಾನು. ಭಾರತಕ್ಕೆ ಹೋಗುವ ಯಂತ್ರಗಳ ದೂರು ದುಮ್ಮಾನವೆಲ್ಲ ನನ್ನ ಪಾಲು. ಪಕ್ಕೆಲುಬು ಯಾರದೋ ನನಗೂ ಗೊತ್ತಿರಲಿಲ್ಲ. ಅಂಟಿಸಿದ ಕೈ ಯಾರದೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

"ವಿಚಾರಿಸಿ ಹೇಳುತ್ತೇನೆ" ಎಂದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗಾಗಿತ್ತು ನನಗೆ.

ಊಟದ ಬಿಡುವಿನಲ್ಲಿ ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಮುಂದೆ ನಿಂತು ಹರಿಹರಕ್ಕೆ ಫೋನ್ ಮಾಡಿದೆ. ದ್ವಾರಕಾನಾಥ ಅಲ್ಲಿ ನಮ್ಮ ಡೀಲರ್. ಡೀಲರ್ ಅಂದರೆ ದೊಡ್ಡ ಶೋರೂಮೇನಲ್ಲ. ಒಂದು ತಗಡಿನ ಶೆಡ್ಡು, ಒಂದು ವೆಲ್ಡಿಂಗ್ ಮಷೀನು, ಮೆಕ್ಯಾನಿಕ್ಕೂ ಅವರೇ.

"ಮೇಡಂ, ಫೋಟೋ ಬಂತೇನ್ರಿ? ನಾನೇ ಕಳ್ಸಿದ್ದು. ನಿಮ್ಮ ವೆಬ್‌ಸೈಟಿನಾಗೆ 'ನಿಮ್ಮ ಅನುಭವ ತಿಳಿಸಿ' ಅಂತ ಇತ್ತು ನೋಡ್ರಿ, ತಿಳಿಸ್ದೆ."

"ಅಯ್ಯೋ ದ್ವಾರಕಣ್ಣ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಅದು ಯಾರ ಎಕ್ಸ್‌ರೇ, ಮೊದಲು ಹೇಳಿ."

"ನಮ್ಮ ಮಾವಂದ್ರಿ. ಈಗ ಗಟ್ಟಿಮುಟ್ಟಾಗಿ ಅದಾರೆ. ಬೇಕಂದ್ರೆ ಅವರ ಫೋಟೋನೂ ಕಳಿಸ್ಲೇನು?"

ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಸಿಟ್ಟು ಬರಬೇಕಾದ್ದು ನನ್ನ ಮೇಲೆಯೇ.

ವಿಷಯ ಇಷ್ಟು. ನಮ್ಮ ಯಂತ್ರದಲ್ಲಿ ಚಾಪೆಯ ಹಾಗೆ ಬೆಳೆಸಿದ ಸಸಿಯನ್ನು ತಟ್ಟೆಯ ಮೇಲೆ ಹಾಸುತ್ತಾರೆ. ಅದು ತಾನಾಗಿ ಕೆಳಗೆ ಜಾರಬೇಕು, ಕೆಳಗಿನ ಕೊಕ್ಕೆಗಳು ಕಿತ್ತು ಗದ್ದೆಗೆ ನೆಡಬೇಕು. ಜಪಾನಿನ ಜರಡಿ ಹಿಡಿದ ಮಣ್ಣಿನಲ್ಲಿ ಬೆಳೆದ ಸಸಿ ಮರ್ಯಾದೆಯಾಗಿ ಜಾರುತ್ತದೆ. ದಾವಣಗೆರೆ ಕಡೆಯ ಎರೆಮಣ್ಣು ಹಾಗಲ್ಲ. ಹಸಿಯಾದರೆ ಅಂಟು, ಒಣಗಿದರೆ ಕಲ್ಲು. ಸಸಿ ತಟ್ಟೆಗೇ ಮೆತ್ತಿಕೊಂಡು ಗದ್ದೆಯಲ್ಲಿ ಸಾಲು ಸಾಲೇ ಖಾಲಿ ಬೀಳುತ್ತಿತ್ತು. ಐದು ತಾಲ್ಲೂಕುಗಳಿಗೆ ಯಂತ್ರ ಕಳಿಸಿದ್ದೆವು. ನಾಲ್ಕರಲ್ಲಿ ರೈತರು ಬೈದು ವಾಪಸ್ ಕೊಟ್ಟರು. ಹರಿಹರದಲ್ಲಿ ಮಾತ್ರ ನಲವತ್ತೊಂದು ಯಂತ್ರ ಮಾರಾಟವಾಗಿ, ಇನ್ನೂ ಬೇಕೆಂದು ಜನ ಬರುತ್ತಿದ್ದರು. ಎಂಟು ತಿಂಗಳ ಹಿಂದೆ ನಾನೇ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿದ್ದೆ. ಆಸ್ಪತ್ರೆಯ ಹಳೇ ಎಕ್ಸ್‌ರೇ ಹಾಳೆಯ ಮೇಲೆ ಸಸಿ ಬೆಣ್ಣೆಯ ಹಾಗೆ ಜಾರುತ್ತಿತ್ತು.

ಆದರೆ ಕಂಪನಿಯ ಕರಾರು ಬಲು ಬಿಗಿ. ಅನುಮತಿಯಿಲ್ಲದೆ ಯಂತ್ರಕ್ಕೆ ಏನು ಸೇರಿಸಿದರೂ ಡೀಲರ್‌ಶಿಪ್ ರದ್ದು. ಈ ಕಚೇರಿಯಲ್ಲಿ ಬಾಗಿಲ ಹಿಡಿಯನ್ನು ಎರಡು ಸೆಂಟಿಮೀಟರ್ ಮೇಲಕ್ಕೆ ಸರಿಸಬೇಕಾದರೂ ಸಲಹಾ ಹಾಳೆ ತುಂಬಬೇಕು, ಅದಕ್ಕೊಂದು ನಕ್ಷೆ, ಒಂದು ನಂಬರು. ಇಂಥವರ ಮುಂದೆ ಮಾವನ ಎಕ್ಸ್‌ರೇ ಅನ್ನಲೇ? ದ್ವಾರಕಣ್ಣನ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ವರದಿಯಲ್ಲಿ ಬರೆದೆ: "ಹರಿಹರದ ಯಶಸ್ಸಿಗೆ ಕಾರಣ, ಚಾಲಕರಿಗೆ ಕೊಟ್ಟ ಉತ್ತಮ ತರಬೇತಿ." ಬರೆದು ಬೆನ್ನು ತಟ್ಟಿಕೊಂಡಿದ್ದೆ ಕೂಡ.

ಮಧ್ಯಾಹ್ನ ಕುರೊಇವಾ ಸಾನ್ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಮನುಷ್ಯ. ಅವರು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಅವತ್ತೂ ಎತ್ತಲಿಲ್ಲ.

"ನಿಮ್ಮ ವರದಿ ನಂಬಿ ಉಳಿದ ನಾಲ್ಕು ತಾಲ್ಲೂಕಿಗೆ ತರಬೇತುದಾರರನ್ನು ಕಳಿಸಿದೆ. ಎಂಟು ತಿಂಗಳು. ಒಂದು ಯಂತ್ರವೂ ಹೋಗಲಿಲ್ಲ. ಈ ಶುಕ್ರವಾರದ ಸಭೆಯ ಕಾರ್ಯಸೂಚಿಯಲ್ಲಿ ಭಾರತದ ವ್ಯಾಪಾರ ಮುಚ್ಚಬೇಕೆಂದು ಬರೆದಾಗಿದೆ, ಹಂಸಾ ಸಾನ್. ಹರಿಹರವೂ ಸೇರಿ."

ನನಗೆ ನಾಚಿಕೆಯಾಯಿತು. ದ್ವಾರಕಣ್ಣನನ್ನು ಉಳಿಸಲು ಹೇಳಿದ ಸುಳ್ಳೇ ಅವರ ಶೆಡ್ಡಿಗೆ ಬೀಗ ಹಾಕಲು ಹೊರಟಿತ್ತು.

"ನಾಳೆ ಬೆಳಿಗ್ಗೆ ಮಾಡಿ ತೋರಿಸಿ" ಎಂದರು ಅವರು. "ಬಾಯಲ್ಲಿ ಬೇಡ."

ಮಾಡಿ ತೋರಿಸಲು ಎಕ್ಸ್‌ರೇ ಬೇಕಲ್ಲ! ಇಲ್ಲಿನ ಆಸ್ಪತ್ರೆಗಳಲ್ಲಿ ಎಲ್ಲ ಕಂಪ್ಯೂಟರಿನ ಒಳಗೇ. ಆಗ ನೆನಪಾದದ್ದು ನಮ್ಮ ಮನೆಯ ಸೂಟ್‌ಕೇಸು. ನಾವು ಬಂದಿದ್ದೇ ಹಾಗೆ: ಉಪ್ಪಿನಕಾಯಿ, ಸಾರಿನಪುಡಿ, ಜತೆಗೆ ಇಡೀ ಸಂಸಾರದ ವೈದ್ಯಕೀಯ ಇತಿಹಾಸ. ನನ್ನ ಗಂಡ ಪ್ರಶಾಂತ ಕಾಲೇಜಿನಲ್ಲಿ ಕ್ರಿಕೆಟ್ ಆಡಿ ಮುರಿದುಕೊಂಡ ಮಂಡಿಯ ದೊಡ್ಡ ಎಕ್ಸ್‌ರೇ ಅದರಲ್ಲಿತ್ತು.

"ಏನೇ ಇದು, ನನ್ ಮಂಡಿನ ಆಫೀಸಿಗೆ ತಗೊಂಡ್ ಹೋಗ್ತೀಯಾ? ಅದು ನನ್ ಕರಿಯರ್‌ನ ಒಂದೇ ಪ್ರೂಫ್ ಕಣೇ!"

"ಭಾರತಕ್ಕೋಸ್ಕರ ಆಡ್ತೀನಿ ಅಂತಿದ್ಯಲ್ಲ, ಈಗ ಚಾನ್ಸ್ ಬಂದಿದೆ ಸುಮ್ನಿರು" ಎಂದೆ. ಮಗಳು ಅಮೂಲ್ಯ ಸೋಫಾದ ಮೇಲೆ ಉರುಳಿ ಉರುಳಿ ನಕ್ಕು, "ಪಾಪಾ, ಗಂಬಾತ್ತೆ!" ಎಂದು ಹುರಿದುಂಬಿಸಿದಳು.

ಮಂಗಳವಾರ ಬೆಳಿಗ್ಗೆ ಕಾರ್ಯಾಗಾರದಲ್ಲಿ ಮಂಡಿಯನ್ನು ತಟ್ಟೆಯ ಅರ್ಧಕ್ಕೆ ಅಂಟಿಸಿದೆ. ಕಂಪನಿಯ ಸಸಿ ಹಾಸಿ ಯಂತ್ರ ಚಾಲೂ ಮಾಡಿದೆವು. ಎರಡೂ ಕಡೆ ಸಸಿ ಒಂದೇ ರೀತಿ ಜಾರಿತು. ಎಕ್ಸ್‌ರೇಯಿಂದ ಕವಡೆ ಕಾಸಿನ ವ್ಯತ್ಯಾಸವಾಗಲಿಲ್ಲ. ಸುತ್ತ ನಿಂತ ತಂತ್ರಜ್ಞರು ವಿನಯದಿಂದ ತಲೆ ತಗ್ಗಿಸಿದರು. ಇಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಮಣ್ಣು! ಮಣ್ಣೇ ಬೇರೆ ಇತ್ತಲ್ಲ. ಎರೆಮಣ್ಣಿನಲ್ಲಿ ಸಸಿ ಬೆಳೆಸಲು ಹದಿನೆಂಟು ದಿನ ಬೇಕು, ನನ್ನ ಕೈಯಲ್ಲಿದ್ದದ್ದು ಮೂರು. "ಸುಮಿಮಾಸೆನ್, ಕ್ಷಮಿಸಿ, ಒಂದು ಗಂಟೆ ಕೊಡಿ" ಎಂದು ಹೊರಗೆ ಓಡಿದೆ. ರೈಲು ನಿಲ್ದಾಣದ ಹಿಂದೆ ಹೆಂಗಸರಿಗೆ ಮಡಕೆ ಮಾಡಲು ಕಲಿಸುವ ಒಂದು ಶಾಲೆಯಿದೆ. ಅಲ್ಲಿಂದ ಹತ್ತು ಕಿಲೋ ಜೇಡಿಮಣ್ಣು ಹೊತ್ತು ತಂದು, ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಸಸಿ ಚಾಪೆಯ ತಳಕ್ಕೆಲ್ಲ ಬರಿಗೈಯಲ್ಲಿ ಬಳಿದೆ. ಆಫೀಸಿನ ಬಿಳಿ ಅಂಗಿ ಹಾಳಾಯಿತು, ಹೋಗಲಿ.

ಮತ್ತೆ ಯಂತ್ರ ಚಾಲೂ ಆಯಿತು. ಬರೀ ತಟ್ಟೆಯ ಕಡೆ ಸಸಿ ಹಠಮಾರಿ ಎಮ್ಮೆಯ ಹಾಗೆ ಕೂತಲ್ಲೇ ಕೂತಿತು. ಕೊಕ್ಕೆಗಳು ಗಾಳಿಯನ್ನು ನೆಟ್ಟವು. ಪ್ರಶಾಂತನ ಮಂಡಿಯ ಮೇಲಿನ ಸಸಿ ಸರಾಗವಾಗಿ ಇಳಿಯಿತು. ಒಂದು ಗುಳಿಯೂ ತಪ್ಪಲಿಲ್ಲ. ತಲೆ ತಗ್ಗಿಸಿದ್ದವರೆಲ್ಲ ಹತ್ತಿರ ಬಂದು ಬಗ್ಗಿ ನೋಡತೊಡಗಿದರು. ನನಗೆ ಕುಣಿಯಬೇಕೆನ್ನಿಸಿತು, ನಿಜವಾಗಿ.

ಉಳಿದವರು ಹೋದ ಮೇಲೆ ಕುರೊಇವಾ ಸಾನ್ ಮಾತಾಡಿದರು.

"ಆ ದೊಡ್ಡ ಭೂಕಂಪ, ಸುನಾಮಿ ಬಂದ ವರ್ಷ ನಾನು ಮಿಯಾಗಿಯ ಕಾರ್ಖಾನೆಯಲ್ಲಿದ್ದೆ. ಗೇರ್ ಪೆಟ್ಟಿಗೆಯಿಂದ ಎಣ್ಣೆ ಸೋರದಂತೆ ಒಂದು ಕಾಗದದ ಬಿಲ್ಲೆ ಹಾಕುತ್ತೇವಲ್ಲ, ಅದನ್ನು ಮಾಡುವ ಊರಿಗೆ ದಾರಿಯೇ ಇರಲಿಲ್ಲ. ಎದುರಿಗೆ ನಾಟಿ ಕಾಲ. ಹಾಲಿನ ಡಬ್ಬಿಯ ರಟ್ಟು ಕತ್ತರಿಸಿ ಹಾಕಿ ಇನ್ನೂರು ಯಂತ್ರ ಕಳಿಸಿದೆ. ರೈತರು ಸಮಯಕ್ಕೆ ನಾಟಿ ಮಾಡಿದರು. ನಾನು ಯಾರಿಗೂ ಹೇಳಲಿಲ್ಲ. ಏಳು ವರ್ಷವಾಯಿತು. ಆ ರಟ್ಟು ತಾಳಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳದಿದ್ದ ಮೇಲೆ ಯಾರನ್ನು ಕೇಳಲಿ? ನಿಮ್ಮ ದ್ವಾರಕಾನಾಥ ಸಾನ್ ಅಂಟಿಸಿದರು, ಫೋಟೋ ತೆಗೆದು ಕಳಿಸಿಯೂಬಿಟ್ಟರು. ನಮ್ಮಿಬ್ಬರಿಗಿಂತ ಒಳ್ಳೆಯ ಇಂಜಿನಿಯರ್ ಅವರು" ಎಂದರು.

ಆಮೇಲೆ ಮೂರು ದಿನ ಅವರು ನಾಪತ್ತೆ. ಬಗಲಲ್ಲಿ ಪ್ರಶಾಂತನ ಮಂಡಿ ಹಿಡಿದು, ಸಭೆಯಲ್ಲಿ ಕೂರುವ ಒಂಬತ್ತು ಜನರ ಕೋಣೆಗೂ ಒಬ್ಬೊಬ್ಬರಂತೆ ಹೋಗಿ ಬಂದರಂತೆ. ಬೆಂಗಳೂರಿನ ಕಂಪನಿಗಳಲ್ಲಿ ಸಭೆಯೆಂದರೆ ಜಗಳ ಶುರುವಾಗುವ ಜಾಗ. ಇಲ್ಲಿ ಎಲ್ಲ ಮುಗಿದ ಮೇಲೆ ಸೇರುವ ಜಾಗ. ನಾನು ರಾತ್ರಿಯೆಲ್ಲ ವಾದ ಸಿದ್ಧಮಾಡಿಕೊಂಡು ಶುಕ್ರವಾರ ಸೊಂಟ ಕಟ್ಟಿ ಹೋದರೆ ಒಬ್ಬರೂ ನನ್ನನ್ನು ಒಂದು ಪ್ರಶ್ನೆ ಕೇಳಲಿಲ್ಲ. ಹತ್ತೇ ನಿಮಿಷ. ಭಾರತ ಮುಚ್ಚುವುದಿಲ್ಲ. ತಟ್ಟೆಗೆ ನುಣುಪು ಹಾಳೆ ಅಳವಡಿಸಿ ಐದೂ ತಾಲ್ಲೂಕಿಗೆ ಕಳಿಸುವುದು. ಡೀಲರನ್ನು ಉಳಿಸಿಕೊಳ್ಳುವುದು.

ಹರಿಹರಕ್ಕೆ ಫೋನ್ ಮಾಡಿದರೆ ದ್ವಾರಕಣ್ಣ, "ಅಲ್ರೀ ಮೇಡಂ, ಹೊಸಾ ಹಾಳೆ ಬರೋತನಕ ನಮ್ಮ ಮಾವನ್ನ ತೆಗೀಬೇಕೇನ್ರಿ?" ಎಂದರು.

"ಬೇಡ, ಇರಲಿ. ಈಗ ಅವರು ಅಧಿಕೃತ" ಎಂದೆ.

ಸಂಜೆ ಕುರೊಇವಾ ಸಾನ್ ಎರಡು ಸಲಹಾ ಹಾಳೆ ತಂದರು. ಒಂದನ್ನು ನನಗೆ ಕೊಟ್ಟರು. 'ಸಲಹೆ ಯಾರದು' ಎಂಬಲ್ಲಿ ದ್ವಾರಕಾನಾಥ, ಹರಿಹರ ಎಂದು ಬರೆದೆ. ನಕ್ಷೆ ಬರೆದೆ. ಕೊನೆಯಲ್ಲಿ 'ತಡವಾಗಿದ್ದರೆ ಕಾರಣ' ಎಂಬ ಜಾಗ ಬಂತು. ಏನು ಬರೆಯುವುದೆಂದು ತೋಚದೆ ಅದನ್ನು ಖಾಲಿ ಬಿಟ್ಟೆ.

ಇನ್ನೊಂದು ಹಾಳೆಯನ್ನು ಅವರೇ ತುಂಬುತ್ತಿದ್ದರು. ಹಾಲಿನ ಡಬ್ಬಿಯ ರಟ್ಟು, ಇನ್ನೂರು ಯಂತ್ರ, ಏಪ್ರಿಲ್ ೨೦೧೧. ಆ ಯಂತ್ರಗಳನ್ನು ಕೊಂಡವರನ್ನು ಹುಡುಕಿ ವಿಚಾರಿಸಬೇಕೆಂದೂ ಬರೆದರು. ಕೊನೆಯ ಜಾಗಕ್ಕೆ ಬಂದಾಗ ಕೈ ತಡೆಯಲಿಲ್ಲ. ದುಂಡಗಿನ ಅಕ್ಷರದಲ್ಲಿ ಒಂದೇ ಮಾತು ಬರೆದರು: ಹೆದರಿದ್ದೆ.

ನಾನು ನನ್ನ ಹಾಳೆಯನ್ನು ಹತ್ತಿರ ಎಳೆದುಕೊಂಡು ಅವರ ಪೆನ್ನು ಕೇಳಿದೆ.