ಕಣ್ಣುಜ್ಜದ ಡ್ರೈವರಮ್ಮ

“ಮೊದಲು ಹೋಗಿ ಮುಖ ತೊಳ್ಕೊಂಡು ಬಾ. ಆಮೇಲೆ ಮಾತು.”

“ತೊಳೆಯಲ್ಲ ಸಾರ್.”

“ತೊಳೆಯಲ್ಲ ಅಂದ್ರೆ? ಇದೇನು ಬಸ್ ಡಿಪೋನೋ, ಮದುವೆ ಮನೆನೋ?”

“ಮದುವೆ ಮನೆಗೆ ಇಷ್ಟೇ ಹಚ್ಕೊಂಡು ಹೋದ್ರೆ ನಮ್ಮತ್ತೆ ಬಿಡಲ್ಲ. ಏನೇ, ಸಾವಿಗೆ ಹೊರಟಿದ್ದೀಯಾ ಅಂತಾರೆ.”

ಬಾಗಿಲಿಗೆ ಒರಗಿ ನಿಂತಿದ್ದ ಚೆಕಿಂಗಣ್ಣನಿಗೆ ನಗು ಉಕ್ಕಿತು. ನುಂಗಿಕೊಂಡ. ಮ್ಯಾನೇಜರ್ ಮುಖ ಆಗಲೇ ಕೆಂಡವಾಗಿತ್ತು.

ಚೆಕಿಂಗಣ್ಣ ಅರ್ಧ ಆಯುಸ್ಸು ಸ್ಟಿಯರಿಂಗ್ ಹಿಡಿದವನು. ಮೊಣಕಾಲು ಕೈಕೊಟ್ಟ ಮೇಲೆ ಡ್ರೈವರ್‌ಗಳನ್ನೂ ಟಿಕೆಟ್‌ಗಳನ್ನೂ ತಪಾಸಣೆ ಮಾಡುವ ಕೆಲಸಕ್ಕೆ ಬಿದ್ದಿದ್ದ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈ ಜಗಳದಲ್ಲಿ ಅವನು ಮ್ಯಾನೇಜರ್ ಕಡೆಯೇ. ಕಣ್ಣಿಗೆ ಕಪ್ಪು, ಕೆನ್ನೆಗೆ ಪೌಡರು, ತುಟಿಗೆ ಕೆಂಪು ಬಳಿದುಕೊಂಡು ಬಸ್ಸು ಹತ್ತುವ ಈ ಹೆಣ್ಣಿಗೆ ಡಿಪೋದವರೆಲ್ಲ ಕಾಡಿಗೆಮ್ಮ ಎಂದು ಹೆಸರಿಟ್ಟಿದ್ದರು. ಮೊದಲು ಹಾಗೆ ಕರೆದವನು ಅವನೇ.

ರಗಳೆಗೆ ಕಾರಣ ಒಬ್ಬ ಮುದುಕಿಯ ಫೋನು. ದಿನಾ ಅದೇ ಬಸ್ಸಿನಲ್ಲಿ ಓಡಾಡುವ ಆಕೆ ದೂರು ಹೇಳಿರಲಿಲ್ಲ, ಮರುಗಿದ್ದಳು. ಪಾಪ, ನಿಮ್ಮ ಡ್ರೈವರಮ್ಮ ಗಾಡಿ ಓಡಿಸುತ್ತಾ ಅಳುತ್ತಿರುತ್ತಾಳೆ, ಕಣ್ಣಿನ ಕಪ್ಪೆಲ್ಲ ಕರಗಿ ಇಳಿಯುತ್ತೆ, ಮನೆಯಲ್ಲಿ ಏನು ಕಷ್ಟವೋ ವಿಚಾರಿಸಿ, ಎಂದಿದ್ದಳು. ಬೈಗುಳಕ್ಕೆ ಬಗ್ಗದ ಮ್ಯಾನೇಜರ್ ಈ ಮರುಕಕ್ಕೆ ಬೆಚ್ಚಿಬಿದ್ದ.

“ನಿಜ ಹೇಳು, ಮನೇಲಿ ಏನಾದ್ರೂ ತೊಂದ್ರೆನಾ?”

“ಬೆಳಗ್ಗೆ ಟೀ ನಮ್ಮೆಜಮಾನ್ರೇ ಮಾಡ್ತಾರೆ. ಸಕ್ಕರೆ ಸುರೀತಾರೆ. ಅದೊಂದೇ ತೊಂದ್ರೆ.” ಅವಳು ಮೂಗಿನ ಕೆಳಗೆ ಕಾಗದದ ಕರವಸ್ತ್ರ ಒತ್ತಿಕೊಂಡಳು. “ಅಳೋದಲ್ಲ ಸಾರ್, ಅಲರ್ಜಿ. ಮರ ಹೂ ಬಿಟ್ಟಿದೆ. ಆ ಪುಡಿ ನಂಗಾಗಲ್ಲ. ಪ್ರತಿ ವರ್ಷ ಇದೇ ಗೋಳು.”

“ಅದರ ಮೇಲೆ ಈ ಬಣ್ಣ ಬೇರೆ. ಕಣ್ಣು ಉರೀದೆ ಇನ್ನೇನಾಗುತ್ತೆ?” ಮ್ಯಾನೇಜರ್ ಚೆಕಿಂಗಣ್ಣನ ಕಡೆ ತಿರುಗಿದ. “ನೀನು ಇವಳ ಜೊತೆ ಒಂದು ಟ್ರಿಪ್ ಹೋಗಿ ಬಾ. ಸರಿಯಿಲ್ಲ ಅಂದ್ರೆ ನಾಳೆಯಿಂದ ಟಿಕೆಟ್ ಕೌಂಟರಲ್ಲಿ ಕೂರಲಿ.”

ಕೌಂಟರಿಗೆ ಹೋದ ಡ್ರೈವರ್ ಮತ್ತೆ ಸ್ಟಿಯರಿಂಗ್ ಮುಟ್ಟಿದ ಉದಾಹರಣೆ ಆ ಡಿಪೋದಲ್ಲಿ ಇರಲಿಲ್ಲ. ಕಾಡಿಗೆಮ್ಮನಿಗೂ ಅದು ಗೊತ್ತಿತ್ತು. ಬಸ್ಸಿನ ಕೀ ಎತ್ತಿಕೊಂಡು ಹೊರಟಳು.

ಚೆಕಿಂಗಣ್ಣ ಡ್ರೈವರ್ ಸೀಟಿನ ಹಿಂದೆ, ಅವಳ ಮುಖ ಕನ್ನಡಿಯಲ್ಲಿ ಕಾಣುವ ಹಾಗೆ ಕೂತ. ತಪ್ಪು ಹುಡುಕಲೆಂದೇ ಕೂತ. ಮುಚ್ಚಿಡುವುದೇನು.

ಮಾರುಕಟ್ಟೆ ದಾಟಿ ಸಾಲುಮರದ ರಸ್ತೆಗೆ ಬಂದದ್ದೇ ತಡ, ಹಳದಿ ಪುಡಿ ಗಾಜಿನ ಮೇಲೆ ಹಿಟ್ಟು ಜರಡಿ ಹಿಡಿದ ಹಾಗೆ ಸುರಿಯಿತು. ಅವನಿಗೇ ಸಾಲು ಸಾಲು ಸೀನು ಬಂದವು. ಕಣ್ಣು ಕಡಿಯಿತು. ಎರಡೂ ಮುಷ್ಟಿಯಿಂದ ಗಸಗಸ ಉಜ್ಜಿಕೊಂಡ. ಉಜ್ಜಿದಷ್ಟೂ ಕಡಿತ ಏರಿತು. ಸುಮಾರು ಹೊತ್ತು ಅವನಿಗೆ ರಸ್ತೆಯೂ ಕಾಣಲಿಲ್ಲ, ಅವಳೂ ಕಾಣಲಿಲ್ಲ.

ಕಣ್ಣು ತಿಳಿಯಾದಾಗ ಕನ್ನಡಿ ನೋಡಿದ. ಅವಳ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಕೈಗಳು ಮಾತ್ರ ಸ್ಟಿಯರಿಂಗ್ ಬಿಟ್ಟು ಅಲುಗಿರಲಿಲ್ಲ. ಸ್ಟಾಪ್ ಬಂತು. ಬಸ್ಸು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದಳು. ಕರವಸ್ತ್ರದ ಮೂಲೆ ಮಡಿಚಿ ಕಣ್ಣಿನ ಕೊನೆಗೆ ಒತ್ತಿದಳು. ಒರೆಸಲಿಲ್ಲ, ಒತ್ತಿದಳು ಅಷ್ಟೇ. ಜನ ಹತ್ತಿ ಬಾಗಿಲು ಮುಚ್ಚುವಷ್ಟರಲ್ಲಿ ಮುಖ ಬೆಳಗಿನ ಮುಖವೇ ಆಗಿತ್ತು.

ಆಮೇಲೆ ಅವನು ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಕಪ್ಪು ಇದ್ದದ್ದು ಮೇಲಿನ ರೆಪ್ಪೆಗೆ ಮಾತ್ರ. ಕೆಳಗಡೆ ಬರೀ ಚರ್ಮ. ಮೂಗಿನ ಸುತ್ತ ಬಣ್ಣವಿಲ್ಲ, ಮುಲಾಮಿನ ತೆಳು ಮಿಂಚು. ಸೀನು ಬರುವುದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಬಸ್ಸು ಆಗಲೇ ನಿಧಾನವಾಗಿರುತ್ತಿತ್ತು, ಮುಂದಿನ ಗಾಡಿಗೂ ಇವಳ ಬಸ್ಸಿಗೂ ನಡುವೆ ಜಾಗ ಬಿದ್ದಿರುತ್ತಿತ್ತು. ಅವನು ತನ್ನ ಕಾಲದಲ್ಲಿ ನೆಗಡಿ ಬಂದಾಗ ಬಸ್ಸನ್ನು ಹೇಗೆ ಓಡಿಸಿದ್ದನೆಂದು ನೆನೆದು ಸೀಟಿನಲ್ಲಿ ನೆಟ್ಟಗೆ ಕೂತ.

ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಯಿತು. ಅವನಿಗೆ ತಡೆಯಲಾಗಲಿಲ್ಲ.

“ಅಲ್ಲಮ್ಮಾ, ಇಷ್ಟೆಲ್ಲ ಪಾಡು ಯಾಕೆ? ತೊಳೆದು ಬಿಸಾಕಿದ್ರೆ ಮುಗೀತಲ್ಲ.”

“ಅಣ್ಣಾ, ನೀವು ಬರ್ತಾ ಎಷ್ಟು ಸಲ ಕಣ್ಣುಜ್ಜಿದ್ರಿ?”

“ಯಾರು ಲೆಕ್ಕ ಇಟ್ಟಿದ್ದಾರೆ?”

“ನಾನು ಒಂದು ಸಲನೂ ಉಜ್ಜಿಲ್ಲ.” ಅವಳು ನೀರಿನ ಬಾಟಲಿಯಿಂದ ಬಟ್ಟೆ ತೋಯಿಸಿ, ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಂಡಳು. “ಮೊದಲ ವರ್ಷ ಎಲ್ಲರೂ ಹೇಳಿದ್ರು ಅಂತ ಬರೀ ಮುಖದಲ್ಲಿ ಓಡಿಸ್ದೆ. ಬರೀ ಮುಖ ಇದ್ರೆ ಕೈಗೆ ಭಯ ಇರಲ್ಲ, ತಾನಾಗೇ ಕಣ್ಣಿಗೆ ಹೋಗುತ್ತೆ. ಒಂದಿನ ಹಾಗೇ ಉಜ್ಜಿ ಕಣ್ಣು ತೆಗೆದ್ರೆ ಮುಂದೆ ಸ್ಕೂಟರು. ಹಿಂದೆ ಮಗು ಕೂತಿತ್ತು. ಕೂದಲೆಳೆಯಲ್ಲಿ ತಪ್ತು. ಅವತ್ತು ಮನೇಲಿ ಊಟ ಸೇರಲಿಲ್ಲ.”

ಚೆಕಿಂಗಣ್ಣ ಕಣ್ಣಿನತ್ತ ಹೊರಟಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

“ಕಾಡಿಗೆ ಹಚ್ಚಿದ್ರೆ ಕೈ ಹತ್ರ ಹೋಗಲ್ಲ. ಕಷ್ಟಪಟ್ಟು ಬರ್ಕೊಂಡಿರೋದು, ಯಾರಿಗೆ ಕೆಡಿಸೋಕೆ ಮನಸ್ಸು ಬರುತ್ತೆ? ಈ ಕಾಲದಲ್ಲಿ ಹೊಸ ಡಬ್ಬಿನೇ ತಗೋತೀನಿ, ಹಳೇದು ಇನ್ನೂ ಕಡಿಸುತ್ತೆ. ರಾತ್ರಿ ಎಲ್ಲಾ ತೊಳೆದು, ತಲೆಗೂ ನೀರು ಹಾಕ್ಕೊಂಡೇ ಮಲಗೋದು.” ಬಟ್ಟೆ ತೆಗೆದು ಅವನನ್ನು ನೋಡಿದಳು. “ಮತ್ತೆ ಚೆಂದ ಕಾಣೋದೂ ಬೇಕು ನಂಗೆ. ಅದನ್ನ ಯಾಕೆ ಮುಚ್ಚಿಡ್ಲಿ?”

ಅವನಿಗೆ ಈ ಕೊನೆಯ ಮಾತೇ ಹೆಚ್ಚು ಹಿಡಿಸಿತು.

ಡಿಪೋಗೆ ಮರಳಿದವನೇ ಮ್ಯಾನೇಜರ್ ಮುಂದೆ ನಿಂತ. “ಈ ಡಿಪೋದಲ್ಲಿ ಅವಳಷ್ಟು ನೆಟ್ಟಗೆ ಬಸ್ ಓಡಿಸೋರು ಇನ್ನೊಬ್ಬರಿಲ್ಲ. ನನ್ನನ್ನೂ ಸೇರಿಸಿ. ಅವಳ ಮುಖದ ತಂಟೆಗೆ ಹೋಗ್ಬೇಡಿ.”

“ಅಯ್ಯೋ, ನೀನೂ ಬಿದ್ದುಬಿಟ್ಯಾ ಆ ಲಿಪ್‌ಸ್ಟಿಕ್‌ಗೆ?”

ಚೆಕಿಂಗಣ್ಣನ ಮೈ ಉರಿದುಹೋಯಿತು. “ನಾಲಿಗೆ ಬಿಗಿ ಇರ್ಲಿ. ನನ್ನ ಮಗಳ ವಯಸ್ಸು ಅವಳಿಗೆ.”

“ನಾನು ಹೇಳಿದ್ದು ಹೇಳಿದ್ದೇ. ಮುಖ ತೊಳ್ಕೊಂಡು, ಮಾತ್ರೆ ನುಂಗಿ ಓಡಿಸ್ಲಿ.”

“ಯಾವ ಮಾತ್ರೆ? ಮೊನ್ನೆ ಸೀನಿಗೆ ಅಂತ ನಮ್ಮನೆಯವಳ ಡಬ್ಬಿಯಿಂದ ನಾನೂ ಒಂದು ನುಂಗ್ದೆ, ನಿಂತಲ್ಲೇ ತೂಕಡಿಕೆ. ಅದನ್ನ ನುಂಗ್ಸಿ ಬಸ್ ಕೊಡ್ತೀರಾ?”

ಇಷ್ಟರಲ್ಲಿ ಕಾಡಿಗೆಮ್ಮ ಒಳಗೆ ಬಂದಿದ್ದಳು. ಮ್ಯಾನೇಜರ್ ಮೂಲೆಯ ನಲ್ಲಿಯತ್ತ ಬೆರಳು ತೋರಿಸಿದ. ಅವಳು ನಲ್ಲಿ ನೋಡಿದಳು, ಅವನನ್ನು ನೋಡಿದಳು.

“ಸಾರ್, ತೊಳೆಯೋದು ದೊಡ್ಡ ಮಾತಲ್ಲ. ತೊಳೆದ್ರೆ ಈ ಕಾಲದಲ್ಲಿ ನನ್ನ ಕೈಯನ್ನ ನಾನೇ ನಂಬಲ್ಲ. ಅಷ್ಟು ಜನರನ್ನ ಹಿಂದೆ ಕೂರಿಸ್ಕೊಂಡು ಹಾಗೆ ಓಡಿಸಲ್ಲ.”

“ಹಾಗಾದ್ರೆ ಓಡಿಸ್ಬೇಡ.”

“ಸರಿ.”

ಬಸ್ಸಿನ ಕೀಯನ್ನು ಮೇಜಿನ ಮೇಲಿಟ್ಟಳು. ಎಸೆಯಲಿಲ್ಲ, ಇಟ್ಟಳು. ಸೀನು ಬಂತು, ಪಕ್ಕಕ್ಕೆ ತಿರುಗಿ ಸೀನಿ, ಕಣ್ಣಿನ ಕೊನೆಗೆ ಕರವಸ್ತ್ರ ಒತ್ತಿಕೊಂಡು, “ಬರ್ತೀನಿ ಅಣ್ಣಾ” ಎಂದು ಚೆಕಿಂಗಣ್ಣನಿಗೆ ಮಾತ್ರ ಹೇಳಿ ಹೊರಟಳು. ಗೇಟಿನವರೆಗೂ ಅವಳ ನಡಿಗೆ ಎಲ್ಲೂ ತಗ್ಗಲಿಲ್ಲ. ಅಂಥ ಡ್ರೈವರನ್ನು ಬೇರೆ ಯಾವ ಕಂಪನಿಯೂ ಬೇಡ ಅನ್ನುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. 

“ಎಲ್ಲಿಗೆ ಹೋಗ್ತಾಳೆ, ಮಧ್ಯಾಹ್ನದ ಟ್ರಿಪ್ಪಿಗೆ ಬರ್ತಾಳೆ ಬಿಡು,” ಎಂದ ಮ್ಯಾನೇಜರ್.

ಮಧ್ಯಾಹ್ನ ಬಸ್ಸು ತುಂಬಿತು. ಡ್ರೈವರ್ ಸೀಟು ಮಾತ್ರ ಖಾಲಿ. ಮುಂದಿನ ಸೀಟಿನಿಂದ, ಫೋನು ಮಾಡಿದ್ದ ಆ ಮುದುಕಿ ಕಿಟಕಿಯಾಚೆ ತಲೆ ಹಾಕಿ, ಡ್ರೈವರಮ್ಮ ಎಲ್ಲಪ್ಪಾ, ರಜೆ ಕೊಟ್ರಾ ಎಂದು ಕೇಳಿದಳು.

“ಅವಳು ಇನ್ನು ಬರಲ್ಲ ಅಜ್ಜಿ,” ಎಂದ ಚೆಕಿಂಗಣ್ಣ. “ಇಳೀರಿ ಎಲ್ಲರೂ. ಈ ಗಾಡಿ ಹೋಗಲ್ಲ.”