ಅಜ್ಜಿ ಗೊರಕೆ ಅಂದುಕೊಂಡಿದ್ದು

ಟೈಲರ್ ಅಜ್ಜಿಗೆ ಎರಡು ತಿಂಗಳ ಮೊಮ್ಮಗಳೆಂದರೆ ಪ್ರಾಣ. ಮಗು ಉಸಿರೆಳೆದಾಗಲೆಲ್ಲ ಗೊರ್ ಗೊರ್ ಸದ್ದು. ಅಜ್ಜಿ ಹೊಲಿಗೆ ಮಿಷನ್ ನಿಲ್ಲಿಸಿ ನಗುತ್ತಿದ್ದಳು. “ಗೊರಕೇಲಿ ಥೇಟ್ ಅವರಜ್ಜನೇ!”

ಸೊಸೆಗೆ ನಗು ಬರುತ್ತಿರಲಿಲ್ಲ. ಮಗು ನಾಲ್ಕು ಗುಟುಕು ಹಾಲು ಕುಡಿದು ಬಿಟ್ಟುಬಿಡುತ್ತಿತ್ತು. “ಬಸುರೀಲಿ ತಣ್ಣೀರು ಕುಡೀಬೇಡ ಅಂದ್ರೂ ಕೇಳ್ಲಿಲ್ಲ ನೀನು. ಅದಕ್ಕೇ ಶೀತ,” ಎಂದು ಅಜ್ಜಿ ಒಮ್ಮೆ ಅಂದದ್ದು ಅವಳ ಮನಸ್ಸಲ್ಲಿ ಕೂತುಬಿಟ್ಟಿತ್ತು.

ಒಂದು ಬೆಳಿಗ್ಗೆ ನರ್ಸಮ್ಮ ಮಗುವಿನ ತೂಕ ನೋಡಲು ಬಂದರು. “ಹದಿನೈದು ದಿನದಿಂದ ತೂಕ ಏರೇ ಇಲ್ವಲ್ಲ! ಎಲ್ಲಿ, ನನ್ನೆದುರಿಗೇ ಹಾಲು ಕುಡಿಸಮ್ಮ.”

ಕುಡಿಯುತ್ತಲೇ ಮಗುವಿನ ತುಟಿ ನೀಲಿಗೆ ತಿರುಗಿತು. ಬಾಯಿಬಿಟ್ಟು ಅತ್ತ ಮೇಲೆ ಮತ್ತೆ ಕೆಂಪಾಯಿತು.

“ಇದು ಗೊರಕೆ ಅಲ್ಲ ಅಜ್ಜಿ. ಇಷ್ಟು ಚಿಕ್ಕ ಮಕ್ಕಳು ಹೆಚ್ಚಾಗಿ ಮೂಗಲ್ಲೇ ಉಸಿರಾಡೋದು. ಅಲ್ಲೇನೋ ಅಡ್ಡ ಇರ್ಬೇಕು. ಈಗ್ಲೇ ದೊಡ್ಡಾಸ್ಪತ್ರೆಗೆ ಹೊರಡಿ, ನಾನೂ ಬರ್ತೀನಿ.”

“ಮೂಗಿಗೆ ಎರಡು ಹನಿ ಎಣ್ಣೆ ಬಿಟ್ರೆ ಹೋಗುತ್ತೆ ಬಿಡಿ.”

“ಎಣ್ಣೆ ಶ್ವಾಸಕೋಶಕ್ಕೆ ಇಳಿದ್ರೆ ಏನು ಗತಿ? ಬೇಡ ಅಜ್ಜಿ, ಎದ್ದೇಳಿ.”

ಆಸ್ಪತ್ರೆಯಲ್ಲಿ ವೈದ್ಯೆ ಮಗುವಿನ ಮೂಗಿನೊಳಗೆ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ ನೋಡಿದರು, ಸ್ಕ್ಯಾನ್ ಮಾಡಿಸಿದರು. ಮೂಗಿನ ಹಿಂಭಾಗದಿಂದ ಗಂಟಲಿಗೆ, ಸಣ್ಣ ದ್ರಾಕ್ಷಿಯಂಥ ಗಂಟೊಂದು ಜೋತುಬಿದ್ದಿತ್ತು.

ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟಳು. “ಕ್ಯಾನ್ಸರ್ರಾ ಡಾಕ್ಟ್ರಮ್ಮ?”

“ಹಾಗೆ ಕಾಣಿಸ್ತಿಲ್ಲ. ಹೊಟ್ಟೇಲಿದ್ದಾಗ್ಲೇ ಬೆಳೆದಿರೋ ಗಂಟು ಇದು, ಸಾಮಾನ್ಯವಾಗಿ ಹರಡಲ್ಲ. ತೆಗೆದು ಪರೀಕ್ಷೆಗೂ ಕಳಿಸ್ತೀವಿ. ಆದ್ರೆ ಉಸಿರಿಗೆ ಅಡ್ಡ ನಿಂತಿದೆ, ತೆಗೀಲೇಬೇಕು.”

“ಇಷ್ಟು ಪುಟ್ಟ ಗಂಟಲಿಗೆ ಕತ್ರಿನಾ?” ಜೀವನವಿಡೀ ಕತ್ತರಿ ಹಿಡಿದವಳು ಮಗುವಿನ ಕುತ್ತಿಗೆಗೆ ಕೈ ಅಡ್ಡ ಹಿಡಿದಳು.

“ನಿದ್ದೆ ಔಷಧಿ ಕೊಟ್ಟಿರ್ತೀವಿ, ನೋವು ಗೊತ್ತಾಗಲ್ಲ. ಅದನ್ನ ನೋಡ್ಕೊಳ್ಳೋಕೆ ಇನ್ನೊಬ್ಬ ಡಾಕ್ಟ್ರು ಪಕ್ಕದಲ್ಲೇ ಇರ್ತಾರೆ.”

ಸೊಸೆ ಮೆಲ್ಲಗೆ ಕೇಳಿದಳು, “ನಾನು ತಣ್ಣೀರು ಕುಡಿದಿದ್ದಕ್ಕಾ ಹೀಗಾಗಿದ್ದು?”

“ಅಯ್ಯೋ ಇಲ್ಲಮ್ಮ! ಇದು ಯಾರ ತಪ್ಪೂ ಅಲ್ಲ.”

ಅಜ್ಜಿ ಸೊಸೆಯ ತಲೆಯನ್ನು ಎದೆಗೊತ್ತಿಕೊಂಡಳು. “ನನ್ನ ನಾಲಿಗೆಗೆ ಎರಡು ಹೊಲಿಗೆ ಹಾಕ್ಬೇಕಿತ್ತು ಕಣೇ. ನಡಿ, ಎಲ್ಲಿ ಸಹಿ ಹಾಕ್ಬೇಕು ಕೇಳೋಣ.”

ಮರುದಿನ ಆಪರೇಷನ್ ಆಯಿತು. ವಾರದಲ್ಲಿ ವರದಿಯೂ ಬಂತು: ಕ್ಯಾನ್ಸರ್ ಅಲ್ಲ. ಮಗು ತಾಯಿಯ ಮಡಿಲಲ್ಲಿ ಒಂದೇ ಸಮನೆ ಹಾಲು ಕುಡಿದು, ಗಲ್ಲದ ಮೇಲಿನ ಹಾಲು ಒರೆಸುವಷ್ಟರಲ್ಲಿ ನಿದ್ದೆಹೋಯಿತು.

ತಾಯಂದಿರೇ, ಅಪ್ಪಂದಿರೇ, ಅಜ್ಜಿಯರೇ, ನಿಮ್ಮ ಕಂದ ಉಸಿರಾಡುವಾಗ ಸದಾ ಸದ್ದು ಬರುತ್ತದೆಯೇ? ಹಾಲು ಕುಡಿಯುತ್ತಾ ಏದುಸಿರು ಬಿಡುತ್ತದೆಯೇ? ತೂಕ ಏರುತ್ತಿಲ್ಲವೇ? ಸದ್ದಿಗೆಲ್ಲ ಗಂಟೇ ಕಾರಣವಲ್ಲ. ಆದರೆ ಅದನ್ನು ವೈದ್ಯರೇ ನೋಡಿ ಹೇಳಬೇಕು. ಮೂಗಿಗೆ ಎಣ್ಣೆ ಬಿಡಬೇಡಿ, ಗಂಟಲಿಗೆ ಬೆರಳು ಹಾಕಬೇಡಿ, ಹೆತ್ತವಳನ್ನು ದೂರಬೇಡಿ. ತುಟಿ ನೀಲಿಯಾದರಂತೂ ಒಂದು ಗಳಿಗೆಯೂ ಕಾಯದೆ, ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಡಿ.