ಬಿಳಿ ಹೂವಿನ ಬಳ್ಳಿ

ದೇವದುರ್ಗದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಭೂಗೋಳ ಕಲಿಸುತ್ತಿದ್ದೇನೆ. ಅಷ್ಟೂ ವರ್ಷ ಒಂದು ಸುಳ್ಳನ್ನೂ ಹೇಳಿಕೊಂಡು ಬಂದಿದ್ದೇನೆ: ಮಲ್ಪೆಯ ಆಚೆಗಿನ ದ್ವೀಪವನ್ನು ಕಣ್ಣಾರೆ ಕಂಡಿದ್ದೇನೆ ಎಂದು. ಲಾವಾ ತಣ್ಣಗಾಗಿ ಕಂಬಕಂಬವಾಗಿ ಸೀಳಿದ ಕಲ್ಲು, ಗಾಳಿಗೆ ಹೆದರಿ ನೆಲಕ್ಕಂಟಿ ಹಬ್ಬುವ ಅಡುಂಬು ಬಳ್ಳಿ, ಎಲ್ಲ ನಾನು ನೋಡಿದ್ದು ಹಳೇ ಪುಸ್ತಕವೊಂದರ ಕಪ್ಪು-ಬಿಳುಪು ಚಿತ್ರದಲ್ಲಿ. "ಗಾಳಿಗೆ ನನ್ನ ಚಸ್ಮಾನೇ ಹಾರಿಹೋತು" ಎಂದು ಉಪ್ಪುಖಾರ ಹಚ್ಚಿ ಹೇಳಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನಗದು ಹಿತವಾಗಿತ್ತು.

ಕಳೆದ ಪರೀಕ್ಷೆಯಲ್ಲಿ ಗಬ್ಬೂರಿನ ಶೇಖಮ್ಮ ಆ ಬಳ್ಳಿಯ ಹೂ ನೇರಳೆ ಎಂದು ಬರೆದಿದ್ದಳು. ಚಿತ್ರದಲ್ಲಿ ಬೆಳ್ಳಗಿತ್ತಲ್ಲ, ಸೊನ್ನೆ ಹಾಕಿದೆ. ಅಷ್ಟಕ್ಕೇ ಬಿಡಲಿಲ್ಲ. "ಅಲ್ಲಿಗೆ ಹೋಗಿ ಬಂದಾಂವ ನಾನೋ, ನೀನೋ?" ಎಂದು ಇಡೀ ತರಗತಿಯೆದುರು ಕೇಳಿದೆ. ಎಲ್ಲರೂ ನಕ್ಕರು. ಅವಳು ತಲೆ ತಗ್ಗಿಸಿ ಕೂತಳು.

ಈ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸ ಮಲ್ಪೆಗೇ ಹೊರಟಿತು. ಬಂದರಿನಲ್ಲಿ ಒಬ್ಬ ಹೆಂಗಸು ಮೀನಿನ ಬುಟ್ಟಿ ಇಳಿಸಿ ಓಡಿಬಂದು ಶೇಖಮ್ಮನನ್ನು ತಬ್ಬಿಕೊಂಡಳು.

"ನಾ ಇಕಿ ಚಿಕ್ಕವ್ವರೀ, ಗಬ್ಬೂರಿಂದ ದುಡ್ಯಾಕ ಬಂದೀನಿ. ನಮ್ಮ ಶೇಖಿ ಐದನೇ ಕ್ಲಾಸಿನ ತನಕ ಇಲ್ಲೇ ನನ್ನ ಕೂಡ ಇದ್ಲರೀ ಸರ್," ಎಂದಳು.

ಅಂದರೆ ಆ ಹೂವನ್ನು ಕಣ್ಣಾರೆ ಕಂಡವಳು ಅವಳೇ. ದೋಣಿ ಹತ್ತಿದ ಮೇಲೆ ಅಲೆಯ ನೀರು ಕೈಗೆ ಸಿಡಿಯಿತು. ಅತ್ತಿತ್ತ ನೋಡಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ನಿಜಕ್ಕೂ ಉಪ್ಪಿದೆಯೇ ಎಂದು ಬೆರಳು ನೆಕ್ಕಿದೆ.

ದ್ವೀಪದಲ್ಲಿ ಕಲ್ಲುಕಂಬಗಳ ಹಿಂದೆ ಮರಳ ಮೇಲೆಲ್ಲ ಅಡುಂಬು ಹರಡಿತ್ತು. ಬಳ್ಳಿಯ ತುಂಬ ನೇರಳೆ ಹೂ.

"ಸರ್, ಬಿಳಿ ಅಂದಿದ್ರಲ್ರಿ?" ಮಾನ್ವಿಯಿಂದ ಬಂದು ಸೇರಿದ ತಮನ್ನಾ ಬಾಯಿ ತಪ್ಪಿ ಕೇಳಿಬಿಟ್ಟಳು.

ಶೇಖಮ್ಮ ಮುಂದೆ ಬಂದಳು.

"ನಸುಕಿನ್ಯಾಗ ಬಿಳಿ ಇರ್ತಾವ. ಬಿಸಿಲು ಬಿದ್ದ ಮ್ಯಾಲೆ ಬಣ್ಣ ಬರ್ತದ. ಸರ್ ನಸುಕಿನ್ಯಾಗ ಬಂದಿರಬೇಕು."

ಒಬ್ಬರೂ ನಗಲಿಲ್ಲ. ಎಲ್ಲರೂ ನೋಟ್‌ಬುಕ್ ತೆಗೆದು ಅದನ್ನೇ ಬರೆಯತೊಡಗಿದರು. ಶೇಖಮ್ಮನೂ ಬರೆಯುತ್ತಿದ್ದಳು. ಯಾವ ನಿಜಕ್ಕೆ ಸೊನ್ನೆ ಹಾಕಿದ್ದೆನೋ ಅದನ್ನು ನನ್ನ ಮಾನ ಉಳಿಸಲು ತಾನೇ ಸುಳ್ಳು ಮಾಡುತ್ತಿದ್ದಳು.

"ಬರೀಬ್ಯಾಡ್ರಿ," ಎಂದೆ. "ಶೇಖಮ್ಮ ಪರೀಕ್ಷಾದಾಗ ಬರೆದಿದ್ದೇ ಖರೆ. ನಾ ಸುಳ್ಳು ಹೇಳೀನಿ. ಸಮುದ್ರ ನೋಡಾಕತ್ತಿದ್ದು ಇವತ್ತೇ ಮೊದಲು."

ಯಾರ ಮುಖದಲ್ಲೂ ಬೆರಗು ಕಾಣಲಿಲ್ಲ.

"ಗೊತ್ತದರೀ ಸರ್," ಎಂದಳು ಶೇಖಮ್ಮ, ನನ್ನತ್ತ ನೋಡದೆ. "ದೋಣ್ಯಾಗ ನೀವು ಬೆರಳು ನೆಕ್ಕಿದ್ದು ಎಲ್ಲಾರೂ ನೋಡೀವ್ರಿ."